ಮೈಕಿನ ಕರೆಗೆ ಇಪ್ಪತ್ತು ನಿಮಿಷ ಮೊದಲು

ನೆಲ್ಯಾಡಿ, ಕೌಕ್ರಾಡಿ, ಗೋಳಿತೊಟ್ಟು, ಇಚ್ಲಂಪಾಡಿ, ಶಿರಾಡಿ ಸುತ್ತಿನ ಕಬಡ್ಡಿ ಮತ್ತು ವಾಲಿಬಾಲ್ ತಂಡಗಳ ಹುಡುಗರಿಗೆ, ಹುಡುಗಿಯರಿಗೆ, ಪಂದ್ಯಾಟ ನಡೆಸುವ ಯುವಕ ಮಂಡಲದವರಿಗೆ,



ನಿಮ್ಮಲ್ಲಿ ಕೆಲವರಿಗೆ ನಾನು ಪಿ.ಟಿ. ಮಾಸ್ಟ್ರು, ಇನ್ನು ಕೆಲವರ ಅಪ್ಪಂದಿರಿಗೆ ಪಿ.ಟಿ. ಮಾಸ್ಟ್ರು. ನಿವೃತ್ತಿಯಾದ ಮೇಲೂ ಡಿಸೆಂಬರ್‌ನಿಂದ ಮೇ ತನಕ ಹೊನಲು ಬೆಳಕಿನ ಪಂದ್ಯಾಟ ಎಲ್ಲಿದ್ದರೂ ಹೋಗಿ ಕೂರುತ್ತೇನೆ. ಈ ಸಲ ಕಂಡ ಒಂದು ರಾತ್ರಿ ಮನಸ್ಸಿನಿಂದ ಹೋಗದ ಕಾರಣ ಈ ಪತ್ರ.

ಎಂಟು ಗಂಟೆಗೆ ಹೆಸರು ಕೊಟ್ಟ ತಂಡ ಅದು. ಉದ್ಘಾಟನೆ, ಸನ್ಮಾನ, ಭಾಷಣ ಎಲ್ಲ ಮುಗಿದು ಮೊದಲ ಪಂದ್ಯ ಶುರುವಾಗುವಾಗ ಹತ್ತೂವರೆ. ಈ ಹುಡುಗರ ಸರದಿ ಬರುವಾಗ ಎರಡು ಗಂಟೆಗೆ ಹತ್ತು ನಿಮಿಷ ಬಾಕಿ. ಅಷ್ಟು ಹೊತ್ತೂ ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಜಾಕೆಟ್ ಹೊದ್ದು ಮೊಬೈಲ್ ನೋಡುತ್ತಾ ಕೂತಿದ್ದರು. ಜನವರಿ ರಾತ್ರಿ ಘಾಟಿಯ ಕಡೆಯಿಂದ ಇಳಿದು ಬರುವ ಚಳಿ ಎಂಥದ್ದೆಂದು ನಿಮಗೆ ಗೊತ್ತುಂಟು. ಮೈಕಿನಲ್ಲಿ ಮೂರನೇ ಕರೆ ಬಂದ ಮೇಲೆ ಎದ್ದು ಓಡಿದರು. ಅಂಕಣದ ಬದಿಯಲ್ಲಿ ಎರಡು ಸಲ ಬಗ್ಗಿ ಕಾಲ್ಬೆರಳು ಮುಟ್ಟಿದರು, ಒಂದು ಕಾಲು ಹಿಂದಕ್ಕೆ ಮಡಚಿ ಪಾದ ಹಿಡಿದು ನಿಂತರು, ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು ಒಳಗಿಳಿದರು. ಮೂರನೇ ರೈಡಿಗೆ ಹೋದ ಹುಡುಗ ಬೋನಸ್ ಗೆರೆಯ ಕಡೆಗೆ ಕಾಲು ಚಾಚಿದವನು ತೊಡೆಯ ಹಿಂಭಾಗ ಹಿಡಿದುಕೊಂಡು ಹಾಗೇ ಕೂತುಬಿಟ್ಟ. ಅವನನ್ನು ಯಾರೂ ಮುಟ್ಟಿರಲಿಲ್ಲ.

ಹೀಗೆಯೇ ಕೂತ ಇನ್ನೊಬ್ಬನನ್ನು ಸುಮಾರು ಮೂವತ್ತು ವರ್ಷ ಹಿಂದೆ ನೋಡಿದ್ದೆ. ಅವನು ನನ್ನ ವಿದ್ಯಾರ್ಥಿ, ನಮ್ಮ ತಂಡದ ಅತ್ಯುತ್ತಮ ದಾಳಿಗಾರ. ಆಟಕ್ಕೆ ಮೊದಲು ಏನು ಮಾಡಬೇಕೆಂದು ನಾನೇ ಹೇಳಿಕೊಟ್ಟಿದ್ದೆ: ನೆಲದಲ್ಲಿ ಕೂತು ಕಾಲು ಚಾಚಿ, ಹಣೆ ಮೊಣಕಾಲಿಗೆ ತಾಗುವಷ್ಟು ಬಗ್ಗಿ, ನಾನು ನೂರು ಎಣಿಸುವ ತನಕ ಅಲುಗಾಡದೆ ಹಿಡಿಯಬೇಕು. ಅವನು ಶ್ರದ್ಧೆಯಿಂದ ಹಿಡಿಯುತ್ತಿದ್ದ. ಹಾಗೆ ಹಿಡಿದ ಒಂದು ದಿನವೇ ಆಟದಲ್ಲಿ ಅವನ ತೊಡೆಯ ಸ್ನಾಯು ಹರಿಯಿತು. ಆ ವರ್ಷದ ಆಯ್ಕೆ ಹೋಯಿತು, ಮುಂದಿನ ವರ್ಷ ಅದೇ ಜಾಗ ಮತ್ತೆ ಹರಿಯಿತು. ನೂರು ಎಣಿಸಿದ್ದರಿಂದಲೇ ಹಾಗಾಯಿತು ಎಂದು ನಾನು ಹೇಳಲಾರೆ. ಆದರೆ ಅದು ಅವನನ್ನು ಕಾಯುತ್ತದೆ ಎಂದು ನಾನು ಕೊಟ್ಟ ಭರವಸೆ ಸುಳ್ಳಾಗಿತ್ತು. ನನಗೆ ನನ್ನ ಮಾಸ್ಟ್ರು ಕಲಿಸಿದ್ದನ್ನು ನಾನು ಅವನಿಗೆ ಕಲಿಸಿದೆ. ಈಗ ನೀವು ಅಂಕಣದ ಬದಿಯಲ್ಲಿ ಮಾಡುವುದು ಅದರ ಉಳಿಕೆ.

ಆಮೇಲೆ ನಾನು ಓದತೊಡಗಿದೆ. ಆಸ್ಟ್ರೇಲಿಯಾದ ಸೈನ್ಯಕ್ಕೆ ಹೊಸದಾಗಿ ಸೇರಿದ 1538 ಮಂದಿಯ ಮೇಲೆ ನಡೆಸಿದ ಒಂದು ಪ್ರಯೋಗ 2000ದಲ್ಲಿ ಪ್ರಕಟವಾಯಿತು. ಹನ್ನೆರಡು ವಾರದ ತರಬೇತಿಯಲ್ಲಿ ಎಲ್ಲರೂ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಅರ್ಧದಷ್ಟು ಜನ ಅದರ ಜೊತೆಗೆ ಕಾಲಿನ ಆರು ಸ್ನಾಯುಗಳನ್ನು ತಲಾ 20 ಸೆಕೆಂಡ್ ಎಳೆದು ಹಿಡಿಯುತ್ತಿದ್ದರು. ಕೊನೆಗೆ ಎರಡೂ ಗುಂಪಿನಲ್ಲಿ ಗಾಯಗೊಂಡವರ ಲೆಕ್ಕ ಹೆಚ್ಚುಕಡಿಮೆ ಒಂದೇ. ಸ್ನಾಯು ಹರಿಯುವುದು ಮಾತ್ರ ಸ್ವಲ್ಪ ಕಡಿಮೆಯಾಗಬಹುದು ಎಂಬ ಸೂಚನೆ ಬೇರೆ ಕೆಲವು ಅಧ್ಯಯನಗಳಲ್ಲಿ ಸಿಗುತ್ತದೆ. ಮೊಣಕಾಲು, ಹರಡು, ಎಲುಬಿಗೆ ಅದರಿಂದ ರಕ್ಷಣೆ ಕಂಡುಬಂದಿಲ್ಲ.

ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿತು. ಕೆನಡಾದ ಡೇವಿಡ್ ಬೆಮ್ ಮತ್ತು ಜೊತೆಗಾರರು 2016ರಲ್ಲಿ ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಆಟಕ್ಕೆ ತುಸು ಮೊದಲು ಒಂದು ಸ್ನಾಯುವನ್ನು ಒಟ್ಟು 60 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಎಳೆದು ಹಿಡಿದರೆ ಅದರ ಬಲ ಮತ್ತು ಚುರುಕು ಸರಾಸರಿ ಶೇ. 4.6ರಷ್ಟು ಇಳಿಯುತ್ತದೆ. ಅದಕ್ಕಿಂತ ಕಡಿಮೆ ಹೊತ್ತಾದರೆ ಇಳಿಕೆ ಶೇ. 1ರ ಆಸುಪಾಸು. ಕೈಕಾಲು ಬೀಸುತ್ತಾ, ನಡೆಯುತ್ತಾ, ಚಲನೆಯಲ್ಲೇ ಚಾಚಿದರೆ ಬಲ ಇಳಿಯುವುದಿಲ್ಲ, ತುಸು ಏರುತ್ತದೆ. ನೂರು ಎಣಿಸಿ ಹಿಡಿಸಿದ ನಾನು ನನ್ನ ದಾಳಿಗಾರನ ಕಾಲಿನ ಶಕ್ತಿಯನ್ನು ಕಸಿದು ಅಂಕಣಕ್ಕೆ ಕಳಿಸುತ್ತಿದ್ದೆ. ಒಂದು ಬೆರಳಿನ ಅಂತರದಲ್ಲಿ ಅಂಕ ಹೋಗುವ ಆಟ ಇದು.

ನಾವು ರಬ್ಬರ್ ಬೆಳೆಯುವ ಸೀಮೆಯವರು. ಎಳೆದಷ್ಟೂ ಬರುವ ವಸ್ತುವನ್ನು ದಿನಾ ಕೈಯಲ್ಲಿ ಹಿಡಿಯುವವರಿಗೆ ಸ್ನಾಯುವೂ ಹಾಗೇ ಎಂದು ತೋರುವುದು ಸಹಜ. ಆದರೆ ಕೆಲವು ವಾರ ಎಳೆದು ಅಭ್ಯಾಸ ಮಾಡಿದವರ ಕೈ ಕಾಲ್ಬೆರಳನ್ನು ದಾಟಿ ಹೋಗುವುದು ಸ್ನಾಯು ಉದ್ದವಾಗಿ ಅಲ್ಲ. ಆ ಎಳೆತವನ್ನು ತಡೆದುಕೊಳ್ಳಲು ನರ ಒಗ್ಗಿಕೊಳ್ಳುತ್ತದೆ, ಮೊದಲ ವಾರಗಳಲ್ಲಿ ಆಗುವುದು ಹೆಚ್ಚಾಗಿ ಅಷ್ಟೇ. ಹಾಗೆಯೇ ಜಿಗಿಯುವವರ ಹಿಮ್ಮಡಿಯ ಮೇಲಿರುವ, ಮೀನಖಂಡವನ್ನು ಎಲುಬಿಗೆ ಕಟ್ಟುವ ಹಗ್ಗದಂಥ ಸ್ನಾಯುರಜ್ಜು ಸಾಕಷ್ಟು ಬಿಗಿಯಾಗಿರಬೇಕು. ನೆಟ್ಟಿನ ಮೇಲೆ ಸ್ಮ್ಯಾಶಿಗೆ ಏಳುವ ಹುಡುಗಿಗೆ ನೆಲ ಹಿಂದಕ್ಕೆ ಕೊಡುವ ಬಲ ಅದರ ಮೂಲಕವೇ ಬರುವುದು. ಆದ್ದರಿಂದ ಮೈ ಎಷ್ಟು ಸಡಿಲವೋ ಅಷ್ಟು ಒಳ್ಳೆಯದು ಎಂಬ ಮಾತನ್ನು ಬಿಡಿ. ಆಟಕ್ಕೆ ಬೇಕಾದಷ್ಟು ಕಾಲು ಚಾಚಬೇಕು, ಚಾಚಿದ ಕಾಲನ್ನು ಅಲ್ಲಿಂದ ಹಿಂದಕ್ಕೆ ಎಳೆದುಕೊಳ್ಳುವ ಬಲ ಬೇಕು. ಟೋ ಟಚ್ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಆಟಕ್ಕೆ ಮೊದಲು ಏನು ಮಾಡಬೇಕು? ಮೊದಲು ಮೈ ಬಿಸಿಯಾಗಬೇಕು. ಸ್ನಾಯುವಿನ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಕಾಲಿನ ಚುರುಕು ಬಲ ಸುಮಾರು ಶೇ. 4ರಷ್ಟು ಹೆಚ್ಚುತ್ತದೆ. ಐದು ನಿಮಿಷ ನಿಧಾನ ಓಟ: ಮುಂದಕ್ಕೆ, ಹಿಂದಕ್ಕೆ, ಏಡಿಯ ಹಾಗೆ ಬದಿಗೆ. ತೆಳ್ಳಗೆ ಬೆವರು ಬರಬೇಕು, ಮಾತಾಡಲು ಉಸಿರು ಉಳಿದಿರಬೇಕು. ಆಮೇಲೆ ಗೆಳೆಯನ ಭುಜ ಹಿಡಿದು ಒಂದು ಕಾಲನ್ನು ಲೋಲಕದ ಹಾಗೆ ಹಿಂದೆ ಮುಂದೆ ಹತ್ತು ಸಲ, ಅಡ್ಡಡ್ಡ ಹತ್ತು ಸಲ ಬೀಸಿ. ಮೊದಲ ಬೀಸು ಸಣ್ಣದಿರಲಿ, ಕೊನೆಯದು ದೊಡ್ಡದಾಗಲಿ. ಉದ್ದ ಹೆಜ್ಜೆಯಿಟ್ಟು ಹಿಂದಿನ ಮೊಣಕಾಲು ನೆಲಕ್ಕೆ ತಾಗುವಷ್ಟು ಕುಸಿದು ಏಳುತ್ತಾ ಅಂಕಣದ ಉದ್ದಕ್ಕೂ ಹೋಗಿ, ಹುಡುಗರ ಅಂಕಣ 13 ಮೀಟರ್, ಹುಡುಗಿಯರದು 12. ಹಿಂದೆ ಬರುವಾಗ ಕಾಲು ಅಗಲಿಸಿ ಒಂದು ಬದಿಗೆ ಕೂತು ಇನ್ನೊಂದು ಬದಿಗೆ ಜಾರಿ, ತೊಡೆಸಂದು ತೆರೆದುಕೊಳ್ಳಲಿ. ವಾಲಿಬಾಲಿನವರು ಭುಜವನ್ನು ಮರೆಯಬಾರದು. ಕೈ ಸುತ್ತಿಸಿ, ಆಮೇಲೆ ಜೊತೆಗಾರರಿಗೆ ಚೆಂಡು ಎಸೆಯಿರಿ, ಮೊದಲ ಸ್ಮ್ಯಾಶ್ ಅರ್ಧ ಬಲದಲ್ಲಿರಲಿ.

ಸೂರ್ಯನಮಸ್ಕಾರ ನಿಮಗೆಲ್ಲ ಬರುತ್ತದೆ. ಅದೂ ಆಗುತ್ತದೆ, ಒಂದೊಂದು ಭಂಗಿಯಲ್ಲೂ ನಿಲ್ಲದೆ ಉಸಿರಿನ ಜೊತೆ ಹರಿಯುವಂತೆ ಆರೇಳು ಸುತ್ತು ಮಾಡಿದರೆ. ಬಸ್ಕಿಯೂ ಆಗುತ್ತದೆ. ಕೋಟಿ ಚೆನ್ನಯರ ಗರಡಿಗಳಿರುವ ನಾಡಿನವರಿಗೆ ಮೈ ಹದ ಮಾಡುವ ಕಲೆ ಹೊರಗಿನಿಂದ ಬರಬೇಕಾಗಿಲ್ಲ.

ಕೊನೆಯ ನಾಲ್ಕು ನಿಮಿಷ ಆಟದ ಚಲನೆಗೇ ಬರಬೇಕು. ಅರ್ಧ ವೇಗದ ಒಂದು ರೈಡ್, ಮುಕ್ಕಾಲು ವೇಗದ್ದು, ಪೂರ್ತಿ ವೇಗದ್ದು. ಹತ್ತು ಮೀಟರ್ ಓಡಿ ಫಕ್ಕನೆ ನಿಂತು ತಿರುಗುವುದು ನಾಲ್ಕು ಸಲ. ಇಬ್ಬಿಬ್ಬರಾಗಿ ಸೊಂಟ ಹಿಡಿದು ದೂಡಿ, ಎಳೆದು, ಹಿಡಿತದ ಬಲವನ್ನು ಎಬ್ಬಿಸಿ. ಜಿಗಿದು ಇಳಿಯುವಾಗ ಮೊಣಕಾಲು ಒಳಗೆ ಬಾಗದೆ ಕಾಲ್ಬೆರಳ ನೇರಕ್ಕಿರಲಿ. ಇಷ್ಟೆಲ್ಲ ಆದ ಮೇಲೂ ಒಂದು ಜಾಗ, ಉದಾಹರಣೆಗೆ ತೊಡೆಸಂದು, ಬಿಗಿ ಅನಿಸಿದರೆ ಅದನ್ನು 15 ಸೆಕೆಂಡ್ ಹಿಡಿದು ಎಳೆಯಿರಿ, ತಪ್ಪೇನಿಲ್ಲ. ಹಿಡಿದು ಬಿಟ್ಟ ಮೇಲೆ ಮತ್ತೆ ಓಡಿ.

ನಮ್ಮಲ್ಲಿ ಯಕ್ಷಗಾನಕ್ಕೂ ಆಟ ಎಂದೇ ಹೆಸರು. ಪುಂಡುವೇಷದವರ ಕುಣಿತ ಹೆಜ್ಜೆಯಿಂದ ಶುರುವಾಗಿ, ಚೆಂಡೆಯ ಪೆಟ್ಟು ಏರಿದಂತೆ ಏರಿ, ಆಮೇಲೆ ಧೀಂಗಿಣಕ್ಕೆ ಬರುತ್ತದೆ. ಚೌಕಿಯಲ್ಲಿ ಕಾಲು ಮಡಚಿ ಕೂತವನನ್ನು ನೇರ ಧೀಂಗಿಣಕ್ಕೆ ಇಳಿಸುವ ಭಾಗವತರನ್ನು ನಾನು ಕಂಡಿಲ್ಲ. ಕಬಡ್ಡಿಯ ಒಂದು ರೈಡ್ 30 ಸೆಕೆಂಡಿನದು. ಅದರೊಳಗೆ ಜಿಗಿತ, ತಿರುವು, ಒದೆತ, ಏಳು ಮಂದಿಯ ಹಿಡಿತ ಎಲ್ಲ ಇದೆ. ಅದಕ್ಕೆ ಪೂರ್ವರಂಗ ಬೇಡವೇ?

ಇನ್ನು ನಮ್ಮ ಪಂದ್ಯಾಟಗಳದ್ದೇ ಆದ ಕಷ್ಟ, ಕಾಯುವುದು. ಮೇಲೆ ಹೇಳಿದ್ದನ್ನೆಲ್ಲ ಎಂಟು ಗಂಟೆಗೆ ಮಾಡಿ ಎರಡು ಗಂಟೆಗೆ ಆಡಿದರೆ ಮಾಡಿದ್ದು ನೀರಿನಲ್ಲಿ ಹೋಮ ಮಾಡಿದ ಹಾಗೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಡೆನ್ಮಾರ್ಕಿನ ಫುಟ್ಬಾಲ್ ಆಟಗಾರರನ್ನು ಅಳೆದು ನೋಡಿದರು: ಪಂದ್ಯದ ನಡುವಿನ 15 ನಿಮಿಷ ಕೂತಿದ್ದಷ್ಟಕ್ಕೇ ತೊಡೆಯ ಸ್ನಾಯುವಿನ ಉಷ್ಣತೆ ಸುಮಾರು 2 ಡಿಗ್ರಿ ಇಳಿದಿತ್ತು, ಓಟದ ವೇಗವೂ ಇಳಿದಿತ್ತು. ಅದೇ ವಿರಾಮದಲ್ಲಿ ಸ್ವಲ್ಪ ಓಡಾಡಿದವರ ವೇಗ ಉಳಿದಿತ್ತು. ಹದಿನೈದು ನಿಮಿಷಕ್ಕೆ ಹೀಗಾದರೆ ನಮ್ಮ ಆರು ಗಂಟೆಗೆ ಏನಾಗಬೇಕು? ನಿಮ್ಮ ಪಂದ್ಯಕ್ಕೆ ಮೊದಲಿನ ಪಂದ್ಯದಲ್ಲಿ ವಿರಾಮದ ಸೀಟಿ ಊದುವುದನ್ನು ನಿಮ್ಮ ಗಡಿಯಾರ ಮಾಡಿಕೊಳ್ಳಿ. ಆ ಸೀಟಿಯಾದಾಗ ನಿಮಗೆ ಇಪ್ಪತ್ತು ನಿಮಿಷಕ್ಕಿಂತ ತುಸು ಹೆಚ್ಚು ಉಳಿದಿರುತ್ತದೆ. ಜಾಕೆಟ್, ಉದ್ದ ಪ್ಯಾಂಟು ಹಾಕಿಕೊಂಡೇ ಶುರುಮಾಡಿ, ಅಂಕಣಕ್ಕಿಳಿಯುವಾಗ ಕಳಚಿ. ಬೆಂಚಿನಲ್ಲಿ ಕೂತ ಬದಲಿ ಆಟಗಾರರು, ಔಟಾಗಿ ಹೊರಗೆ ಕೂತವರು ಕಾಲಾಡಿಸುತ್ತಿರಿ.

ಬೆಳಿಗ್ಗೆ ಐದಕ್ಕೆ ಎದ್ದು ಟ್ಯಾಪಿಂಗಿಗೆ ಹೋಗುವವರು, ಇಡೀ ದಿನ ಅಡಿಕೆ ಕೊಯ್ಲಿಗೆ ನಿಂತವರು ನಿಮ್ಮಲ್ಲಿ ಇದ್ದೀರಿ. ನಿಮ್ಮ ಮೈ ಬೇರೆಯದೇ ರೀತಿ ದಣಿದಿರುತ್ತದೆ. ಸಾವಿರ ಸಲ ಬಗ್ಗಿದ ಸೊಂಟಕ್ಕೆ ಆಟಕ್ಕೆ ಮೊದಲು ಮತ್ತೆ ಬಗ್ಗುವುದು ಬೇಡ. ಮೊಣಕಾಲೂರಿ ಒಂದು ಕಾಲು ಮುಂದಿಟ್ಟು ಸೊಂಟವನ್ನು ಮುಂದಕ್ಕೆ ತಳ್ಳಿ, ಕೈಯೆತ್ತಿ ಹಿಂದಕ್ಕೆ ಬಾಗಿ ಏಳುತ್ತಿರಿ. ಪುತ್ತೂರಿಗೋ ಮಂಗಳೂರಿಗೋ ಬಸ್ಸಿನಲ್ಲಿ ಹೋಗಿ ಕಚೇರಿಯಲ್ಲಿ ಕೂತು ಬರುವವರಿಗೂ ಇದೇ ಮದ್ದು, ಕಾರಣ ಬೇರೆ. ಕೂತು ಕೂತು ಅವರ ತೊಡೆಸಂದಿನ ಮುಂಭಾಗ ಬಿಗಿಯಾಗಿರುತ್ತದೆ.

ಆಟ ಮುಗಿದ ಮೇಲಿನ ಮಾತು ಚಿಕ್ಕದು. ಗೆದ್ದರೂ ಸೋತರೂ ಐದು ನಿಮಿಷ ನಡೆಯಿರಿ, ನೀರು ಕುಡಿಯಿರಿ. ಎಳೆದು ಹಿಡಿಯುವುದಕ್ಕೆ ಈಗ ಸಮಯ: ಮೀನಖಂಡ, ತೊಡೆಯ ಹಿಂಭಾಗ, ತೊಡೆಸಂದು, ಭುಜ, ಒಂದೊಂದನ್ನು 20ರಿಂದ 30 ಸೆಕೆಂಡ್, ಎರಡು ಸಲ. ಇದರಿಂದ ಮರುದಿನದ ನೋವು ಹೋಗುತ್ತದೆ ಎಂದು ನಾನು ತುಂಬ ವರ್ಷ ಹೇಳಿದೆ, ಅದೂ ಸರಿಯಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2011ರ ಕಾಕ್ರೇನ್ ಪರಿಶೀಲನೆಯಲ್ಲಿ ಆಟಕ್ಕೆ ಮೊದಲು ಎಳೆದರೂ ನಂತರ ಎಳೆದರೂ ನೋವಿನ ಇಳಿಕೆ ನೂರರ ಅಳತೆಯಲ್ಲಿ ಸರಾಸರಿ ಒಂದು ಅಂಕ ಅಥವಾ ಅದಕ್ಕಿಂತ ಕಡಿಮೆ, ಇರುವ ಅತಿದೊಡ್ಡ ಪ್ರಯೋಗದಲ್ಲೂ ನಾಲ್ಕು ಅಂಕ. ಮರುದಿನ, ಮೂರನೇ ದಿನ ಮೆಟ್ಟಿಲಿಳಿಯುವಾಗ ಬರುವ ಆ ನೋವು ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡದ್ದರಿಂದಲೂ ಅಲ್ಲ, ಅದು ಆಟ ಮುಗಿದು ಒಂದೆರಡು ಗಂಟೆಯೊಳಗೇ ರಕ್ತದಿಂದ ಹೋಗಿರುತ್ತದೆ. ಅಭ್ಯಾಸವಿಲ್ಲದ ಕೆಲಸದಲ್ಲಿ ಸ್ನಾಯುವಿನ ಎಳೆಗಳಿಗೆ ಆದ ಅತಿ ಸಣ್ಣ ಪೆಟ್ಟು ಅದು. ನಿದ್ದೆಗಿಂತ ದೊಡ್ಡ ಔಷಧ ಅದಕ್ಕಿಲ್ಲ. ಬೆಳಗಿನ ಜಾವ ಮನೆಗೆ ಬಂದವರನ್ನು ಆರಕ್ಕೆ ಎಬ್ಬಿಸಬೇಡಿ ಎಂದು ನಿಮ್ಮ ಅಮ್ಮಂದಿರಲ್ಲಿ ನಾನೇ ಕೇಳಿಕೊಳ್ಳುತ್ತೇನೆ.

ಮೈಯ ಚಾಚುವಿಕೆಯನ್ನು ನಿಜವಾಗಿ ಹೆಚ್ಚಿಸಿಕೊಳ್ಳಬೇಕಾದವರು ಪಂದ್ಯವಿಲ್ಲದ ದಿನ ಮಾಡಿ. ನಮ್ಮ ಮನೆಗಳಲ್ಲಿ ಅದಕ್ಕೆ ಒಳ್ಳೆಯ ಹೊತ್ತು ಉಂಟು, ಸಂಜೆ ಹಂಡೆಯ ಬಿಸಿನೀರಿನ ಸ್ನಾನ ಮುಗಿದು ಮೈ ಇನ್ನೂ ಬಿಸಿಯಿರುವಾಗ. ವಾರಕ್ಕೆ ಎರಡು ಮೂರು ದಿನ, ಒಂದೊಂದು ಸ್ನಾಯುವಿಗೆ ಒಟ್ಟು ಒಂದು ನಿಮಿಷ. ಬಿಗಿ ತಿಳಿಯಬೇಕು, ನೋಯಬಾರದು. ಕುಪ್ಪಳಿಸಿ ಜಗ್ಗಬೇಡಿ, ಉಸಿರು ಕಟ್ಟಬೇಡಿ. ಕಬಡ್ಡಿಯವರಿಗೆ ಉಸಿರು ಕಟ್ಟುವ ಚಾಳಿ ಹೆಚ್ಚು. ಕಾಲಿನುದ್ದಕ್ಕೂ ಕರೆಂಟು ಹೊಡೆದಂತಾದರೆ ಅದು ಸ್ನಾಯುವಲ್ಲ, ನರ. ಅಲ್ಲಿಗೇ ನಿಲ್ಲಿಸಿ.

ಗಾಯವನ್ನು ನಿಜಕ್ಕೂ ಕಡಿಮೆ ಮಾಡುವುದು ಬಲ. ನಾರ್ವೆಯಲ್ಲಿ 125 ಕ್ಲಬ್ಬುಗಳ, 13ರಿಂದ 17 ವರ್ಷದ 1892 ಫುಟ್ಬಾಲ್ ಹುಡುಗಿಯರ ಮೇಲೆ ಒಂದು ಪ್ರಯೋಗ ನಡೆದು 2008ರಲ್ಲಿ ಪ್ರಕಟವಾಯಿತು. ಓಟ, ಬಲ, ಸಮತೋಲ, ಸರಿಯಾಗಿ ಇಳಿಯುವ ಅಭ್ಯಾಸ ಸೇರಿದ 20 ನಿಮಿಷದ ವಾರ್ಮ್‌ಅಪ್ ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರನೇ ಒಂದರಷ್ಟು, ತೀವ್ರ ಗಾಯಗಳು ಹತ್ತಿರ ಅರ್ಧದಷ್ಟು ಕಡಿಮೆಯಾದವು. ಅದರಲ್ಲಿರುವ ಒಂದು ವ್ಯಾಯಾಮಕ್ಕೆ ಸಲಕರಣೆಯೇ ಬೇಡ. ಮೊಣಕಾಲೂರಿ ನೇರ ನಿಲ್ಲಿ, ಗೆಳೆಯ ಹಿಂದಿನಿಂದ ಹರಡು ಒತ್ತಿ ಹಿಡಿಯಲಿ. ಮೊಣಕಾಲಿನಿಂದ ತಲೆತನಕ ಮೈ ಹಲಗೆಯಂತಿಟ್ಟು ಎಷ್ಟು ನಿಧಾನ ಸಾಧ್ಯವೋ ಅಷ್ಟು ನಿಧಾನವಾಗಿ ಮುಂದಕ್ಕೆ ಬೀಳುತ್ತಾ ಹೋಗಿ, ಕೊನೆಗೆ ಕೈಯೂರಿ. ತೊಡೆಯ ಹಿಂಭಾಗದ ಗಾಯವನ್ನು ಹತ್ತಿರ ಹತ್ತಿರ ಅರ್ಧಕ್ಕಿಳಿಸಿದ ವ್ಯಾಯಾಮ ಇದು. ಮೊದಲ ವಾರ ಐದೇ ಸಲ, ವಾರಕ್ಕೊಂದು ದಿನ. ಮಳೆಗಾಲದಲ್ಲಿ ಶುರುಮಾಡಿದರೆ ಡಿಸೆಂಬರಿಗೆ ನಿಮ್ಮ ತೊಡೆ ಸಿದ್ಧ. ಪಂದ್ಯದ ಹಿಂದಿನ ದಿನ ಮಾತ್ರ ಮಾಡಬೇಡಿ. ನನ್ನ ಹಳೆಯ ವಿದ್ಯಾರ್ಥಿಗೆ ನಾನು ಕಲಿಸಬೇಕಾಗಿದ್ದದ್ದು ಇದನ್ನು.

ಗಾಯವಾದವರಿಗೆ ಒಂದು ಮಾತು. ಹರಿದ ಸ್ನಾಯುವನ್ನು ಎಳೆದು ಸರಿಮಾಡಲು ಹೋಗಬೇಡಿ, ಎಣ್ಣೆ ಹಾಕಿ ಬಲವಾಗಿ ತಿಕ್ಕಿಸಬೇಡಿ. ಮೊದಲ ಎರಡು ಮೂರು ದಿನ ಅದಕ್ಕೆ ಬೇಕಾದ್ದು ವಿಶ್ರಾಂತಿ, ಮೆತ್ತಗಿನ ಬಿಗಿಪಟ್ಟಿ, ನೋಯದಷ್ಟು ಅಲುಗಾಟ. ಮೊಣಕಾಲಿನಲ್ಲಿ ಟಪ್ ಎಂಬ ಸದ್ದು ಕೇಳಿ ಒಂದೆರಡು ಗಂಟೆಯೊಳಗೆ ಊದಿಕೊಂಡರೆ, ಕಾಲೂರಿ ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಮರುದಿನಕ್ಕೆ ನೋಡುವ ಎನ್ನದೆ ಮೂಳೆ ಡಾಕ್ಟರರ ಹತ್ತಿರ ಹೋಗಿ. ಒಳಗಿನ ಅಸ್ಥಿರಜ್ಜು ಹರಿದಿರುವ ಸಾಧ್ಯತೆ ಇರುತ್ತದೆ, ಅದನ್ನು ಎಳೆದು ಕೂರಿಸಲು ಯಾರಿಂದಲೂ ಆಗದು.

ಹುಡುಗಿಯರೇ, ಆ ಅಸ್ಥಿರಜ್ಜಿನ ಗಾಯ ಹುಡುಗರಿಗಿಂತ ನಿಮಗೆ ಆಗುವ ಸಂಭವ ಹೆಚ್ಚು. ಜಿಗಿದು ಇಳಿಯುವ ಅಭ್ಯಾಸವನ್ನು ನೀವಂತೂ ತಪ್ಪಿಸಬಾರದು. ಕಾರ್ಕಳದ ಕಡೆಯ ಮಮತಾ ಪೂಜಾರಿ 2010ರ ಗ್ವಾಂಗ್‌ಝೌ, 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿ ಆಡಿದವರು, ನಮ್ಮ ಕರಾವಳಿಯ ಮಣ್ಣಿನಿಂದ ಎದ್ದವರು. ನಿಮ್ಮಲ್ಲಿ ಆ ಶಕ್ತಿಯಿರುವವರನ್ನು ನಾನು ಕಂಡಿದ್ದೇನೆ. ಸಾವಿರ ಜನರ ಎದುರು ಕಾಲು ಚಾಚಿ, ಕುಸಿದು ಏಳಲು ಮುಜುಗರವಾಗಿ ನೀವು ವಾರ್ಮ್‌ಅಪ್ ಬಿಡುವುದನ್ನೂ ಕಂಡಿದ್ದೇನೆ. ಅದು ನಿಮ್ಮ ತಪ್ಪಲ್ಲ.

ಆದ್ದರಿಂದ ಯುವಕ ಮಂಡಲದ ಸಂಘಟಕರೇ, ನಿಮ್ಮಲ್ಲಿ ನನ್ನ ಬೇಡಿಕೆ ಉಂಟು. ಎರಡು ಅಂಕಣ ಹಾಕುವ ಜಾಗದ ಪಕ್ಕ ಹತ್ತು ಮೀಟರ್ ಉದ್ದದ, ಕಲ್ಲು ಹೆಕ್ಕಿದ, ಒಂದು ಟ್ಯೂಬ್‌ಲೈಟ್ ಕಟ್ಟಿದ ಜಾಗ ಬಿಡಿ. ಹುಡುಗಿಯರ ಪಂದ್ಯವಿರುವಾಗ ಅದರ ಸುತ್ತ ಶಾಮಿಯಾನದ ಬಟ್ಟೆ ಎಳೆಯಿರಿ. ಟ್ರೋಫಿಗೆ, ಧ್ವನಿವರ್ಧಕಕ್ಕೆ ಆಗುವ ಖರ್ಚಿನ ಮುಂದೆ ಇದು ಏನೂ ಅಲ್ಲ. ಮುಂದಿನ ತಂಡಗಳ ಹೆಸರನ್ನು ಈಗಿನ ಪಂದ್ಯದ ವಿರಾಮದಲ್ಲೇ ಮೈಕಿನಲ್ಲಿ ಹೇಳಿ. ಮೂರನೇ ಕರೆಗೆ ಬಾರದಿದ್ದರೆ ಎದುರಾಳಿಗೆ ಗೆಲುವು ಎಂದು ಹೆದರಿಸುವುದಕ್ಕಿಂತ ಮೊದಲ ಕರೆಯನ್ನು ಬೇಗ ಕೊಡುವುದು ಒಳ್ಳೆಯದು. ಭಾಷಣವನ್ನು ಅರ್ಧ ಗಂಟೆ ಕಡಿಮೆ ಮಾಡಿದರೆ ಕೊನೆಯ ತಂಡದ ಮಕ್ಕಳು ಅಷ್ಟು ಬೇಗ ಮನೆ ಸೇರುತ್ತಾರೆ. ವೇದಿಕೆಯ ಮೇಲೆ ಕೂರುವ ಹಿರಿಯರು ಇದನ್ನು ಒಪ್ಪದಿರಲಾರರು, ಅವರ ಮಕ್ಕಳೂ ಮೊಮ್ಮಕ್ಕಳೂ ಅಂಕಣದಲ್ಲಿದ್ದಾರೆ.

ಆ ಜಾಗ ಸಿಕ್ಕಿದ ಕಡೆಗೆ ನಾನು ಬರುತ್ತೇನೆ. ನನಗೆ ಗೌರವಧನ ಬೇಡ, ಶಾಲು ಬೇಡ. ಟ್ಯೂಬ್‌ಲೈಟಿನ ಕೆಳಗೆ ಸೀಟಿ ಹಿಡಿದು ನಿಂತಿರುತ್ತೇನೆ, ಎಷ್ಟು ಗಂಟೆಯಾದರೂ. ನಿಮ್ಮ ಹಿಂದಿನ ಪಂದ್ಯದ ವಿರಾಮದ ಸೀಟಿ ಕೇಳಿದ ಕೂಡಲೇ ಮೊಬೈಲನ್ನು ಬ್ಯಾಗಿಗೆ ಹಾಕಿ ಅಲ್ಲಿಗೆ ಬನ್ನಿ. ಆ ರಾತ್ರಿ ಮೂರನೇ ರೈಡಿಗೆ ಕೂತುಬಿಟ್ಟ ಹುಡುಗನೇ, ಈ ಪತ್ರ ನಿನ್ನ ಕೈಗೂ ಬಂದಿರಬಹುದು. ಡಾಕ್ಟರು ಸರಿ ಎಂದ ಮೇಲೆ ನೀನೂ ಬಾ ಮಗಾ. ಮೊಣಕಾಲೂರಿ ಬೀಳುವ ವ್ಯಾಯಾಮಕ್ಕೆ ನಿನ್ನ ಹರಡನ್ನು ನಾನೇ ಹಿಡಿಯುತ್ತೇನೆ.

ನಿಮ್ಮ,
ಹಳೆಯ ಪಿ.ಟಿ. ಮಾಸ್ಟ್ರು
ನೆಲ್ಯಾಡಿ